ಗ್ಯಾಲಕ್ಸಿಗೆ ಕಾಟಾ ಹಾಕುವ ಬಗೆ

ಗಂಗಾವತಿಯ ಅಕ್ಕಿ ಗಿರಣಿಗೆ ಭತ್ತ ಹೊತ್ತು ಬರುವ ಲಾರಿ ಮೊದಲು ಕಾಟಾದ ಮೇಲೆ ನಿಲ್ಲುತ್ತದೆ. ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕವನ್ನು ಕಳೆದರೆ ಮಾಲಿನ ತೂಕ ಸಿಗುತ್ತದೆ. ಆಮೇಲೆ ಹಮಾಲರು ಚೀಲ ಇಳಿಸುವಾಗ ಒಂದೊಂದಾಗಿ ಎಣಿಸುತ್ತಾರೆ. ಈ ಎರಡು ಲೆಕ್ಕಗಳು ತಾಳೆಯಾಗಬೇಕು. ಕಾಟಾ ತೋರಿಸಿದ ತೂಕವು ಚೀಲಗಳ ಲೆಕ್ಕಕ್ಕಿಂತ ಮೂರು ಪಟ್ಟು ಇದ್ದರೆ, ಕಾಟಾ ಕೆಟ್ಟಿದೆ ಎನ್ನಬೇಕು, ಇಲ್ಲವೇ ತಾಡಪಾಲಿನ ಕೆಳಗೆ ನಮ್ಮ ಕಣ್ಣಿಗೆ ಬೀಳದ ಸರಕು ಇದೆ ಎನ್ನಬೇಕು. ಕಳೆದ ಶತಮಾನದಲ್ಲಿ ಖಗೋಳ ವಿಜ್ಞಾನಿಗಳು ಗ್ಯಾಲಕ್ಸಿಗಳನ್ನು, ಅಂದರೆ ಕೋಟಿ ಕೋಟಿ ನಕ್ಷತ್ರಗಳ ಕೂಟಗಳನ್ನು, ತೂಗಿದಾಗ ಆದದ್ದು ಇದೇ. ಆ ಲೆಕ್ಕವನ್ನು ಓದುಗರು ತಾವೇ ಮಾಡಿ ನೋಡಬಹುದು. ಅದಕ್ಕೆ ಬೇಕಾದದ್ದು ಒಂದು ಹಾಳೆ, ಪೆನ್ಸಿಲ್, ಮೊಬೈಲಿನಲ್ಲಿರುವ ಕ್ಯಾಲ್ಕುಲೇಟರ್ ಮತ್ತು ಎಸ್‌ಎಸ್‌ಎಲ್‌ಸಿ ಮಟ್ಟದ ಗಣಿತ ಮಾತ್ರ.

ಹಿಂದೊಮ್ಮೆ ನವೆಂಬರ್ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಯಲಬುರ್ಗಾ ತಾಲ್ಲೂಕಿನ ಒಂದು ಹೊಲದಲ್ಲಿ ಶಾಲೆಯ ಮಕ್ಕಳಿಗೆ ಆಕಾಶ ತೋರಿಸುತ್ತಿದ್ದಾಗ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ಕಾಣದೇ ಇರೋದನ್ನ ತೂಗೋದು ಹೆಂಗ್ರಿ?" ಎಂದು ಕೇಳಿದಳು. "ಯವ್ವಾ, ನಿಮ್ಮಪ್ಪನ ಲಾರಿ ಕಾಟಾದ ಮ್ಯಾಲೆ ನಿಂತಾಗ ಒಳಗ ಏನೈತಿ ಅಂತ ಕಾಟಾ ನೋಡತೈತೇನು?" ಎಂದು ನಾನು ಮರುಪ್ರಶ್ನೆ ಹಾಕಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಭಾರ ಅಷ್ಟ ನೋಡತೈತ್ರಿ" ಎಂದಳು. ಗುರುತ್ವಾಕರ್ಷಣೆಯೂ ಭಾರವನ್ನಷ್ಟೇ ನೋಡುತ್ತದೆ. ಅದಕ್ಕೆ ಬೆಳಗುವ ನಕ್ಷತ್ರವೂ ಒಂದೇ, ಬೆಳಗದ ವಸ್ತುವೂ ಒಂದೇ. ಈ ಬರಹದ ಆಧಾರವೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ಮೊದಲು ಮಾಲನ್ನು ಕಣ್ಣಾರೆ ನೋಡಿ

ತೂಗುವ ವಸ್ತುವನ್ನು ಒಮ್ಮೆಯಾದರೂ ನೋಡದೆ ಲೆಕ್ಕಕ್ಕೆ ಕೂರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನವೆಂಬರ್ ಮಧ್ಯಭಾಗದಲ್ಲಿ, ಚಂದ್ರನಿಲ್ಲದ ರಾತ್ರಿ ಒಂಬತ್ತರ ಸುಮಾರಿಗೆ, ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಬಯಲು ಹೊಲದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ, ಆಂಡ್ರೊಮಿಡಾ ಗ್ಯಾಲಕ್ಸಿಯು ದಿಗಂತದಿಂದ ಸುಮಾರು 64 ಡಿಗ್ರಿ ಎತ್ತರದಲ್ಲಿ, ಅಂದರೆ ನೆತ್ತಿಗೂ ದಿಗಂತಕ್ಕೂ ನಡುವಿನ ಅರ್ಧಕ್ಕಿಂತ ಮೇಲೆಯೇ ಇರುತ್ತದೆ. ನೆತ್ತಿಯ ಹತ್ತಿರ ನಾಲ್ಕು ನಕ್ಷತ್ರಗಳ ದೊಡ್ಡ ಚೌಕವೊಂದು ಕಾಣುತ್ತದೆ. ಅದರ ಈಶಾನ್ಯ ಮೂಲೆಯ ನಕ್ಷತ್ರವು ನಮ್ಮ ಪಂಚಾಂಗದ ಉತ್ತರಾಭಾದ್ರೆಗೆ ಸೇರಿದ್ದು. ಅಲ್ಲಿಂದ ಈಶಾನ್ಯದತ್ತ ಸಾಗಿದರೆ ಮೊದಲು ಒಂದು ಮಂಕು ನಕ್ಷತ್ರ, ಆಮೇಲೆ ಕೆಂಪು ಛಾಯೆಯ ಪ್ರಕಾಶಮಾನವಾದ ಮೀರಾಖ್ ನಕ್ಷತ್ರ ಸಿಗುತ್ತದೆ. ಮೀರಾಖ್‌ನಿಂದ ವಾಯವ್ಯಕ್ಕೆ ತಿರುಗಿ, ಒಂದು ಮಂಕು ನಕ್ಷತ್ರವನ್ನು ದಾಟಿ, ಮತ್ತೆ ಅಷ್ಟೇ ದೂರ ಹೋದರೆ, ಹತ್ತಿಯ ಎಳೆಯನ್ನು ಹಿಂಜಿ ಅಂಟಿಸಿದಂತೆ ಒಂದು ಮಸುಕಾದ ಬೆಳಕಿನ ಕಲೆ ಕಾಣುತ್ತದೆ. ಅದನ್ನು ನೇರವಾಗಿ ದಿಟ್ಟಿಸದೆ, ದೃಷ್ಟಿಯನ್ನು ತುಸು ಪಕ್ಕಕ್ಕೆ ಸರಿಸಿ ನೋಡಿದರೆ ಹೆಚ್ಚು ಸ್ಪಷ್ಟವಾಗುತ್ತದೆ. ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ. ಹೊಸಪೇಟೆ, ತೋರಣಗಲ್ಲು, ಬಳ್ಳಾರಿ ನಗರಗಳ ದೀಪಗಳ ನಡುವೆ ಇರುವವರಿಗೆ ಬೈನಾಕ್ಯುಲರ್ ಬೇಕಾಗುತ್ತದೆ.

ನಮ್ಮದೇ ಗ್ಯಾಲಕ್ಸಿಯಾದ ಆಕಾಶಗಂಗೆಯ ಮಧ್ಯಭಾಗವನ್ನು ನೋಡಬೇಕಾದರೆ ಮೇ ತಿಂಗಳಲ್ಲಿ ಬೆಳಗಿನ ಜಾವ ಎರಡೂವರೆ ಗಂಟೆಯ ಸುಮಾರಿಗೆ ದಕ್ಷಿಣಕ್ಕೆ ನೋಡಬೇಕು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ನಮ್ಮ ಸೀಮೆಯವರಿಗೆ ಅದು ಕಷ್ಟದ ಕೆಲಸವೇನೂ ಆಗುವುದಿಲ್ಲ.

ಕಾಟಾ ಎಲ್ಲಿದೆ?

ಜೋಳ ತೆನೆ ಕಟ್ಟಿದಾಗ ಅಟ್ಟದ ಮೇಲೆ ನಿಂತು ಹಕ್ಕಿ ಕಾಯುವವರು ಕವಣೆ ಬೀಸುವುದನ್ನು ನೆನಪಿಗೆ ತಂದುಕೊಳ್ಳಿ. ಕಲ್ಲು ಸುತ್ತುತ್ತಿರುವಷ್ಟು ಹೊತ್ತೂ ಹಗ್ಗ ಬಿಗಿಯಾಗಿರುತ್ತದೆ. ಜೋರಾಗಿ ಬೀಸಿದಷ್ಟೂ ಕೈಗೆ ಜಗ್ಗು ಹೆಚ್ಚು. ಹಗ್ಗದ ಒಂದು ತುದಿಯನ್ನು ಬಿಟ್ಟ ಕ್ಷಣವೇ ಕಲ್ಲು ನೇರವಾಗಿ ಹಾರಿ ಹೋಗುತ್ತದೆ. ಸೂರ್ಯನ ಸುತ್ತ ತಿರುಗುವ ಭೂಮಿಗೂ ಗ್ಯಾಲಕ್ಸಿಯ ಕೇಂದ್ರದ ಸುತ್ತ ತಿರುಗುವ ಸೂರ್ಯನಿಗೂ ಹಗ್ಗದ ಬದಲು ಗುರುತ್ವಾಕರ್ಷಣೆ ಇದೆ. ಸುತ್ತುವ ವಸ್ತುವಿನ ವೇಗವನ್ನೂ ಸುತ್ತಿನ ತ್ರಿಜ್ಯವನ್ನೂ ಅಳೆದರೆ, ಅದನ್ನು ಹಿಡಿದಿಡಲು ಎಷ್ಟು ಜಗ್ಗು ಬೇಕೆಂದು ತಿಳಿಯುತ್ತದೆ. ಅಷ್ಟು ಜಗ್ಗು ಬರಲು ಒಳಗೆ ಎಷ್ಟು ದ್ರವ್ಯರಾಶಿ ಇರಬೇಕೆಂದು ಅದರಿಂದ ತಿಳಿಯುತ್ತದೆ. ವೇಗವೇ ನಮ್ಮ ಕಾಟಾ.

ಬೇಕಾದ ಜಗ್ಗು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ತ್ರಿಜ್ಯ ಹೆಚ್ಚಿದಂತೆ ಇಳಿಯುತ್ತದೆ. ಸಿಗುವ ಜಗ್ಗು ಒಳಗಿನ ದ್ರವ್ಯರಾಶಿಗೆ ಅನುಗುಣವಾಗಿ ಏರುತ್ತದೆ, ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಇವೆರಡನ್ನೂ ಸಮವೆಂದು ಇಟ್ಟರೆ, ದ್ರವ್ಯರಾಶಿಯು ವೇಗದ ವರ್ಗ ಮತ್ತು ದೂರದ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ ಎಂದು ಬರುತ್ತದೆ. ಗುರುತ್ವ ಸ್ಥಿರಾಂಕದ ದೊಡ್ಡ ಸಂಖ್ಯೆಗಳ ಗೊಡವೆ ಬೇಡವೆಂದರೆ ಭೂಮಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಭೂಮಿಯು ಸೂರ್ಯನಿಂದ ಒಂದು ಖಗೋಳ ಮಾನ, ಅಂದರೆ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ, ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ; ಅದನ್ನು ಹಿಡಿದಿರುವುದು ಒಂದು ಸೂರ್ಯ. ಹಾಗಾದರೆ ವಿಧಾನ ಇಷ್ಟೇ: ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಎಂಬ ವೇಗವನ್ನು 30ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಆಮೇಲೆ ಖಗೋಳ ಮಾನಗಳಲ್ಲಿರುವ ದೂರದಿಂದ ಗುಣಿಸಿ. ಉತ್ತರವು ಸೂರ್ಯರ ಲೆಕ್ಕದಲ್ಲಿ ಬರುತ್ತದೆ.

ಹೊಸ ಕಾಟಾವನ್ನು ಗೊತ್ತಿರುವ ಬಟ್ಟಿನಿಂದ ಪರೀಕ್ಷಿಸುವುದು ವ್ಯಾಪಾರದ ರೂಢಿ. ಇಲ್ಲಿಯೂ ಹಾಗೆಯೇ ಮಾಡೋಣ. ಗುರುಗ್ರಹದ ದೂರ 5.2 ಖಗೋಳ ಮಾನ, ವೇಗ ಸೆಕೆಂಡಿಗೆ 13.1 ಕಿಲೋಮೀಟರ್. ಭಾಗಿಸಿ, ವರ್ಗ ಮಾಡಿ, ಗುಣಿಸಿದರೆ 0.99 ಬರುತ್ತದೆ. ನೆಪ್ಚೂನ್ 30.1 ಖಗೋಳ ಮಾನ ದೂರದಲ್ಲಿ ಸೆಕೆಂಡಿಗೆ ಬರೀ 5.4 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ಅಲ್ಲಿಯೂ ಉತ್ತರ ಒಂದರ ಹತ್ತಿರವೇ ಬರುತ್ತದೆ. ಚಂದ್ರನನ್ನು ಹಾಕಿದರೆ ಭೂಮಿಯ ತೂಕವೂ ಸಿಗುತ್ತದೆ: ದೂರ 0.00257 ಖಗೋಳ ಮಾನ, ವೇಗ ಸೆಕೆಂಡಿಗೆ 1.02 ಕಿಲೋಮೀಟರ್, ಉತ್ತರ ಸೂರ್ಯನ ಸುಮಾರು 3.37 ಲಕ್ಷದಲ್ಲಿ ಒಂದು ಭಾಗ. ಪಠ್ಯಪುಸ್ತಕಗಳು ಕೊಡುವ ನಿಖರ ಅಂಕಿ 3.33 ಲಕ್ಷದಲ್ಲಿ ಒಂದು. ಕಾಟಾ ಸರಿಯಾಗಿದೆ.

ಗುರು ಮತ್ತು ನೆಪ್ಚೂನ್‌ಗಳ ವೇಗವನ್ನು ಇನ್ನೊಮ್ಮೆ ಗಮನಿಸಬೇಕು. ಭಾರವೆಲ್ಲ ನಡುವಿನಲ್ಲಿ ಒಂದೇ ಕಡೆ ಇದ್ದರೆ, ದೂರ ಹೋದಂತೆ ವೇಗ ಇಳಿಯಲೇಬೇಕು. ದೂರ ನಾಲ್ಕು ಪಟ್ಟಾದರೆ ವೇಗ ಅರ್ಧವಾಗುತ್ತದೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದಿನ ಆಶ್ಚರ್ಯವೆಲ್ಲ ಇದರ ಸುತ್ತಲೇ ಇದೆ.

ಆಕಾಶಗಂಗೆಯ ಒಳಭಾಗ

ಸೂರ್ಯನು ಆಕಾಶಗಂಗೆಯ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಾನೆ. ಒಂದು ಸುತ್ತು ಮುಗಿಸಲು ಸುಮಾರು 22 ಕೋಟಿ ವರ್ಷ ಬೇಕು. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವಾದ ಒಂದು ಜ್ಯೋತಿರ್ವರ್ಷಕ್ಕೆ 63,241 ಖಗೋಳ ಮಾನಗಳಾಗುವುದರಿಂದ 26,000 ಜ್ಯೋತಿರ್ವರ್ಷ ಎಂದರೆ ಸುಮಾರು 164 ಕೋಟಿ ಖಗೋಳ ಮಾನ. 220ನ್ನು 30ರಿಂದ ಭಾಗಿಸಿದರೆ 7.33, ಅದರ ವರ್ಗ 53.8, ಅದನ್ನು 164 ಕೋಟಿಯಿಂದ ಗುಣಿಸಿದರೆ ಸುಮಾರು 8,800 ಕೋಟಿ ಬರುತ್ತದೆ. ಅಂದರೆ ಸೂರ್ಯನ ಕಕ್ಷೆಯ ಒಳಗೆ ಇರುವ ವಸ್ತುವೆಲ್ಲ ಸೇರಿ 8,800 ಕೋಟಿ ಸೂರ್ಯರಷ್ಟು ತೂಗುತ್ತದೆ. ನಮ್ಮ ಮನೆಯ ಮಾಳಿಗೆಯ ಮೇಲೆ ಕುಳಿತು, ಮೂರು ಸಾಲಿನ ಲೆಕ್ಕದಲ್ಲಿ, ನಾವೇ ಒಳಗಿರುವ ಗ್ಯಾಲಕ್ಸಿಯ ಒಳಭಾಗಕ್ಕೆ ಕಾಟಾ ಹಾಕಿದಂತಾಯಿತು.

"ಸೂರ್ಯನ ಕಕ್ಷೆಯ ಒಳಗೆ" ಎಂಬ ಮಾತಿಗೆ ಕಾರಣವಿದೆ. ಎಲ್ಲ ಕಡೆಗೂ ಸಮನಾಗಿ ಹರಡಿದ ಗೋಲಾಕಾರದ ದ್ರವ್ಯದಲ್ಲಿ, ನಮಗಿಂತ ಹೊರಗಿರುವ ಭಾಗದ ಜಗ್ಗುಗಳು ಒಂದನ್ನೊಂದು ಪೂರ್ತಿ ಕಳೆದುಕೊಳ್ಳುತ್ತವೆ ಎಂದು ನ್ಯೂಟನ್ 1687ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿಯೇ ಸಾಧಿಸಿ ತೋರಿಸಿದ್ದರು. ಗ್ಯಾಲಕ್ಸಿಯ ತಟ್ಟೆ ಗೋಲವಲ್ಲವಾದ್ದರಿಂದ ನಮ್ಮ ಉತ್ತರದಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಬರುತ್ತದೆ; ಆದರೆ ನಾವು ಹುಡುಕುತ್ತಿರುವ ವ್ಯತ್ಯಾಸ ಅದಕ್ಕಿಂತ ಬಹಳ ದೊಡ್ಡದು.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು, ಏಕೆಂದರೆ ಅದನ್ನು ನಾನು ಮಕ್ಕಳ ಬಾಯಲ್ಲಿಯೂ ಶಿಕ್ಷಕರ ಬಾಯಲ್ಲಿಯೂ ಕೇಳಿದ್ದೇನೆ. ಗ್ಯಾಲಕ್ಸಿಯ ನಡುವೆ ಇರುವ ದೈತ್ಯ ಕಪ್ಪುಕುಳಿಯೇ ಎಲ್ಲವನ್ನೂ ಹಿಡಿದಿಟ್ಟಿದೆ ಎಂಬುದು ಆ ತಿಳಿವಳಿಕೆ. ನಮ್ಮ ಗ್ಯಾಲಕ್ಸಿಯ ಕೇಂದ್ರದಲ್ಲಿರುವ ಕಪ್ಪುಕುಳಿಯ ತೂಕ ಸುಮಾರು 43 ಲಕ್ಷ ಸೂರ್ಯರಷ್ಟು. ಅದನ್ನು ತೋರಿಸಿಕೊಟ್ಟ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. 43 ಲಕ್ಷ ದೊಡ್ಡ ಸಂಖ್ಯೆಯೇ ಸರಿ, ಆದರೆ 8,800 ಕೋಟಿಯ ಮುಂದೆ ಅದು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ನಾಳೆ ಆ ಕಪ್ಪುಕುಳಿಯನ್ನು ಯಾರಾದರೂ ಎತ್ತಿಕೊಂಡು ಹೋದರೂ ಸೂರ್ಯನ ದಾರಿ ಬದಲಾದದ್ದು ನಮಗೆ ತಿಳಿಯುವುದೇ ಇಲ್ಲ. ಗ್ಯಾಲಕ್ಸಿಗೆ ಯಜಮಾನನೆಂದು ಯಾರೂ ಇಲ್ಲ; ಅದರ ಪ್ರತಿಯೊಂದು ಭಾಗವೂ ಉಳಿದ ಎಲ್ಲ ಭಾಗಗಳನ್ನು ಜಗ್ಗುತ್ತ, ಒಟ್ಟು ಜಗ್ಗಿನಲ್ಲಿ ಎಲ್ಲವೂ ನಿಲ್ಲುತ್ತದೆ.

ದೂರದ ಗ್ಯಾಲಕ್ಸಿಯ ವೇಗವನ್ನು ಅಳೆಯುವುದು

ಆಂಡ್ರೊಮಿಡಾದ ನಕ್ಷತ್ರಗಳು ಸರಿಯುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಹಾಗಿದ್ದೂ ಅವುಗಳ ವೇಗ ಹೇಗೆ ತಿಳಿಯುತ್ತದೆ? ಕೊಪ್ಪಳದ ರೈಲು ನಿಲ್ದಾಣದಲ್ಲಿ ನಿಲ್ಲದೆ ಓಡುವ ಅದಿರಿನ ಗೂಡ್ಸ್ ರೈಲು ಸಿಳ್ಳೆ ಹಾಕುತ್ತ ಬರುವಾಗ ಸ್ವರ ಏರಿದ್ದು, ನಮ್ಮನ್ನು ದಾಟಿದೊಡನೆ ಸ್ವರ ಇಳಿಯುತ್ತದೆ. ಬೆಳಕಿಗೂ ಇದೇ ನಿಯಮ ಅನ್ವಯಿಸುತ್ತದೆ. ಬಿಸಿ ಹೈಡ್ರೋಜನ್ ಅನಿಲ ಸೂಸುವ ಒಂದು ಕೆಂಪು ಬೆಳಕಿನ ತರಂಗಾಂತರ 656.28 ನ್ಯಾನೊಮೀಟರ್, ಆ ಅನಿಲ ನಮ್ಮತ್ತ ಸೆಕೆಂಡಿಗೆ 225 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದರೆ ಆ ಗೆರೆ ನೀಲಿಯ ಕಡೆಗೆ ಸುಮಾರು 0.49 ನ್ಯಾನೊಮೀಟರ್ ಸರಿಯುತ್ತದೆ, ದೂರ ಹೋಗುತ್ತಿದ್ದರೆ ಕೆಂಪಿನ ಕಡೆಗೆ ಅಷ್ಟೇ ಸರಿಯುತ್ತದೆ. ತಿರುಗುವ ತಟ್ಟೆಯ ಒಂದು ಅಂಚು ನಮ್ಮತ್ತ ಬರುತ್ತಿದ್ದರೆ ಇನ್ನೊಂದು ಅಂಚು ದೂರ ಸರಿಯುತ್ತಿರುತ್ತದೆ. ಎರಡೂ ಅಂಚುಗಳ ವ್ಯತ್ಯಾಸದಿಂದ ತಿರುಗುವ ವೇಗ ಸಿಗುತ್ತದೆ. ಆಂಡ್ರೊಮಿಡಾ ಪೂರ್ತಿಯಾಗಿಯೇ ನಮ್ಮತ್ತ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವಂತೆ ಕಾಣುವುದರಿಂದ ಮೊದಲು ಅದನ್ನು ಕಳೆಯಬೇಕು. ತಟ್ಟೆಯ ಓರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಂಡ್ರೊಮಿಡಾ ನಮಗೆ ಸುಮಾರು 77 ಡಿಗ್ರಿ ಓರೆಯಾಗಿ, ಬಹುಪಾಲು ಅಂಚಿನ ಕಡೆಯಿಂದ ಕಾಣುತ್ತದೆ. ಹಾಗಾಗಿ ತಿದ್ದುಪಡಿ ಚಿಕ್ಕದು. ಮುಖ ಮೇಲೆ ಮಾಡಿ ಮಲಗಿದಂತೆ ಕಾಣುವ ಗ್ಯಾಲಕ್ಸಿಗಳನ್ನು ಈ ವಿಧಾನದಲ್ಲಿ ತೂಗಲು ಹೋಗಬೇಡಿ. ಅವುಗಳ ಸುತ್ತಾಟ ನಮ್ಮತ್ತವೂ ಇಲ್ಲ, ನಮ್ಮಿಂದ ದೂರವೂ ಇಲ್ಲ.

ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಪ್ರಕಟಿಸಿದ್ದು ಇಂಥ ಅಳತೆಯನ್ನೇ. ಆಂಡ್ರೊಮಿಡಾದಲ್ಲಿ ಬಿಸಿ ಹೈಡ್ರೋಜನ್ ಹೊಳೆಯುವ 67 ತಾಣಗಳನ್ನು ಆರಿಸಿ, ಒಂದೊಂದರ ಬೆಳಕನ್ನೂ ಫೋರ್ಡ್ ಅವರು ರೂಪಿಸಿದ್ದ ಉಪಕರಣದಲ್ಲಿ ಬಿಡಿಸಿ, ಅವರು ವೇಗಗಳ ಪಟ್ಟಿ ಮಾಡಿದರು. ರಾತ್ರಿಗಟ್ಟಲೆ ದುರ್ಬೀನಿನ ಬಳಿ ನಿಂತು, ಕಣ್ಣಿಗೆ ಕಾಣದಷ್ಟು ಮಂಕಾದ ತಾಣಗಳನ್ನು ನಕಾಶೆಯ ನೆರವಿನಿಂದ ಹಿಡಿದ ಕೆಲಸವದು. ನೆಪ್ಚೂನ್‌ನಂತೆ ಹೊರಗಿನ ತಾಣಗಳು ನಿಧಾನವಾಗಿರಬೇಕೆಂಬುದು ಎಲ್ಲರ ನಿರೀಕ್ಷೆ. ಆದರೆ ಅವುಗಳ ವೇಗ ಹಾಗೆ ಕುಸಿಯಲಿಲ್ಲ.

ಬೆಳಕು ಮುಗಿದ ಮೇಲೂ ಹೈಡ್ರೋಜನ್ ಮುಗಿಯುವುದಿಲ್ಲ. ನಕ್ಷತ್ರಗಳಿಲ್ಲದ ಹೊರ ಅಂಚಿನಲ್ಲಿ ತಣ್ಣನೆಯ ಹೈಡ್ರೋಜನ್ 21 ಸೆಂಟಿಮೀಟರ್ ತರಂಗಾಂತರದ ರೇಡಿಯೊ ಅಲೆಯನ್ನು ಸೂಸುತ್ತದೆ. ಇದು 1951ರಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ಪುಣೆ ಜಿಲ್ಲೆಯ ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳಿರುವ ರೇಡಿಯೊ ದೂರದರ್ಶಕವು ಗ್ಯಾಲಕ್ಸಿಗಳ ಈ ಅಲೆಗಳನ್ನು ಇಂದಿಗೂ ಆಲಿಸುತ್ತಿದೆ. ತಗಡಿನ ಕೊಳವೆಯಂಥ ಆಂಟೆನಾ ಮತ್ತು ಕಂಪ್ಯೂಟರಿಗೆ ಸಿಕ್ಕಿಸುವ ಚಿಕ್ಕ ರೇಡಿಯೊ ಗ್ರಾಹಕದಿಂದ ಆಕಾಶಗಂಗೆಯ ಇದೇ ಅಲೆಯನ್ನು ಹಿಡಿದ ಹವ್ಯಾಸಿಗಳು ಜಗತ್ತಿನ ಹಲವೆಡೆ ಇದ್ದಾರೆ. ನಮ್ಮ ರಾಯಚೂರು, ಬಳ್ಳಾರಿಗಳ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನು ಆರಿಸಿಕೊಳ್ಳಲಿ ಎಂದು ನನ್ನ ಮನಸ್ಸಿನಲ್ಲಿದೆ.

ಕಣ, ಗ್ರಹ, ಗ್ಯಾಲಕ್ಸಿ

ಈ ಅಳತೆ ಹೇಳುವುದೇನೆಂದು ಬಿಡಿಸಲು ನನಗೆ ನಮ್ಮೂರಿನ ಕಣಕ್ಕಿಂತ ಉತ್ತಮ ದೃಷ್ಟಾಂತ ಸಿಕ್ಕಿಲ್ಲ. ರಾಶಿ ಯಂತ್ರಗಳು ಬರುವ ಮೊದಲು, ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಒಂದೇ ಸಾಲಿನಲ್ಲಿ ಕಟ್ಟಿ, ತೆನೆಯ ಮೇಲೆ ಹಂತಿ ಹೊಡೆಯುತ್ತಿದ್ದರು. ಇಡೀ ರಾತ್ರಿ ಹಂತಿ ಪದ ಹಾಡುತ್ತ ನಡೆಯುವ ಕೆಲಸವದು. ಮೇಟಿಗೆ ಅಂಟಿಕೊಂಡ ಎತ್ತು ನಿಂತಲ್ಲೇ ತಿರುಗಿದಂತೆ ಮೆಲ್ಲಗೆ ಕಾಲಿಡುತ್ತಿತ್ತು. ಸಾಲಿನ ಹೊರತುದಿಯ ಎತ್ತು ಅಷ್ಟೇ ಹೊತ್ತಿನಲ್ಲಿ ದೊಡ್ಡ ಸುತ್ತನ್ನು ಮುಗಿಸಬೇಕಾದ್ದರಿಂದ ಬಿರಬಿರನೆ ನಡೆಯುತ್ತಿತ್ತು, ಆದ್ದರಿಂದ ಅಲ್ಲಿಗೆ ಗಟ್ಟಿಮುಟ್ಟಾದ ಎತ್ತನ್ನೇ ಕಟ್ಟುತ್ತಿದ್ದರು. ಒಂದೇ ಹಗ್ಗಕ್ಕೆ ಬಿಗಿದ ಸಾಲಿನಲ್ಲಿ ಹೊರಗೆ ಹೋದಂತೆ ವೇಗ ಏರುತ್ತದೆ. ಗ್ರಹಗಳಲ್ಲಿ ಇದಕ್ಕೆ ಪೂರ್ತಿ ವಿರುದ್ಧ: ಹೊರಗೆ ಹೋದಂತೆ ವೇಗ ಇಳಿಯುತ್ತದೆ. ಗ್ಯಾಲಕ್ಸಿ ಎರಡೂ ಬಗೆಯದಲ್ಲ. ಅದರ ಕೇಂದ್ರದ ಹತ್ತಿರ ಸ್ವಲ್ಪ ದೂರದವರೆಗೆ ಹಂತಿಯ ಎತ್ತುಗಳಂತೆ ವೇಗ ಏರುತ್ತದೆ. ಆಮೇಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಒಳಗಿನ ನಕ್ಷತ್ರವೂ ಹೊರ ಅಂಚಿನ ಅನಿಲವೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ, ತಮ್ಮ ತಮ್ಮ ಸುತ್ತಿನಲ್ಲಿ ಸಾಗುತ್ತವೆ. ಗ್ರಾಫ್ ಹಾಳೆಯಲ್ಲಿ ದೂರವನ್ನು ಅಡ್ಡಕ್ಕೂ ವೇಗವನ್ನು ಉದ್ದಕ್ಕೂ ಇಟ್ಟು ಬಿಡಿಸಿದರೆ, ಗೆರೆ ಏರಿ, ಬಾಗಿ, ಚಪ್ಪಟೆಯಾಗಿ ಹಾಳೆಯ ಅಂಚಿನವರೆಗೂ ಓಡುತ್ತದೆ.

ಚಪ್ಪಟೆ ಗೆರೆಯ ಅರ್ಥ ನಮ್ಮ ಸೂತ್ರದಲ್ಲಿಯೇ ಇದೆ. ವೇಗ ಬದಲಾಗದೆ ದೂರ ಎರಡು ಪಟ್ಟಾದರೆ ಒಳಗಿನ ತೂಕವೂ ಎರಡು ಪಟ್ಟಾಗಲೇಬೇಕು. ಆದರೆ ಅಷ್ಟು ಹೊರಗೆ ನಕ್ಷತ್ರಗಳ ಬೆಳಕು ಹೆಚ್ಚುಕಡಿಮೆ ಮುಗಿದೇ ಹೋಗಿರುತ್ತದೆ. ಬೆಳಕು ನಿಂತ ಕಡೆಯೂ ತೂಕ ಏರುತ್ತಲೇ ಇದೆ.

ಈಗ ಚೀಲ ಎಣಿಸಿ. ಆಂಡ್ರೊಮಿಡಾದಲ್ಲಿ ಕೇಂದ್ರದಿಂದ ಒಂದು ಲಕ್ಷ ಜ್ಯೋತಿರ್ವರ್ಷ ದೂರದಲ್ಲಿಯೂ ಅನಿಲದ ವೇಗ ಸೆಕೆಂಡಿಗೆ ಸುಮಾರು 225 ಕಿಲೋಮೀಟರ್. 225ನ್ನು 30ರಿಂದ ಭಾಗಿಸಿದರೆ 7.5, ವರ್ಗ 56.25, ಒಂದು ಲಕ್ಷ ಜ್ಯೋತಿರ್ವರ್ಷ ಎಂದರೆ ಸುಮಾರು 632 ಕೋಟಿ ಖಗೋಳ ಮಾನ, ಗುಣಿಸಿದರೆ ಸುಮಾರು 35,500 ಕೋಟಿ ಸೂರ್ಯರು. ಇದು ಕಾಟಾದ ಚೀಟಿ. ಆ ಗ್ಯಾಲಕ್ಸಿಯ ಬೆಳಕನ್ನೂ ಬಣ್ಣವನ್ನೂ ಅಳೆದು ನಕ್ಷತ್ರಗಳ ತೂಕ ಅಂದಾಜು ಮಾಡಿದರೆ ಸಿಗುವುದು ಸುಮಾರು 10,000ದಿಂದ 15,000 ಕೋಟಿ ಸೂರ್ಯರು. ಹೈಡ್ರೋಜನ್ ಅನಿಲ ಸೇರಿಸಿದರೆ ಇನ್ನು ಕೆಲವು ನೂರು ಕೋಟಿ. ಚೀಲಗಳ ಒಟ್ಟು ತೂಕ 12,000 ಕೋಟಿ ಎಂದು ಹಿಡಿದು, ಲೆಕ್ಕವನ್ನು ತಿರುಗಿಸಿ, ಅಷ್ಟೇ ಇದ್ದಿದ್ದರೆ ಅಂಚಿನ ವೇಗ ಎಷ್ಟಿರಬೇಕಾಗಿತ್ತು ಎಂದು ನೋಡಿ: 12,000 ಕೋಟಿಯನ್ನು 632 ಕೋಟಿಯಿಂದ ಭಾಗಿಸಿ, ವರ್ಗಮೂಲ ತೆಗೆದು, 30ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 130 ಕಿಲೋಮೀಟರ್ ಬರುತ್ತದೆ. ಅಳೆದದ್ದು 225. ಕವಣೆಯ ಹಗ್ಗ ತಾಳಿಕೊಳ್ಳುವುದಕ್ಕಿಂತ ಬಹಳ ಜೋರಾಗಿ ಕಲ್ಲು ಸುತ್ತುತ್ತಿದೆ, ಆದರೂ ಹಾರಿ ಹೋಗಿಲ್ಲ. ಹಾಗಾದರೆ ನಮಗೆ ಕಾಣುವ ಹಗ್ಗದ ಜೊತೆಗೆ ಕಾಣದ ಹಗ್ಗವೂ ಇರಬೇಕು. ಆ ಕಾಣದ 20,000 ಕೋಟಿಗೂ ಮಿಕ್ಕ ಸೂರ್ಯರ ತೂಕಕ್ಕೆ ಕಪ್ಪು ದ್ರವ್ಯ ಎಂದು ಹೆಸರು.

ಕಾಟಾ ಕೆಟ್ಟಿರಬಹುದೇ?

ಈ ಪ್ರಶ್ನೆಯನ್ನು ಕೇಳಲೇಬೇಕು. ಅತಿ ಕ್ಷೀಣವಾದ ಜಗ್ಗಿನಲ್ಲಿ ನ್ಯೂಟನ್ನನ ನಿಯಮವೇ ಬದಲಾಗುತ್ತದೆ ಎಂದು ಭೌತವಿಜ್ಞಾನಿ ಮೊರ್ಡೆಹಾಯ್ ಮಿಲ್‌ಗ್ರಮ್ 1983ರಲ್ಲಿ ವಾದಿಸಿದರು. ಒಂಟಿ ಗ್ಯಾಲಕ್ಸಿಗಳ ಚಪ್ಪಟೆ ಗೆರೆಯನ್ನು ಅವರ ಸೂತ್ರ ಚೆನ್ನಾಗಿಯೇ ವಿವರಿಸುತ್ತದೆ, ಅದನ್ನು ಒಪ್ಪಬೇಕು. ಆದರೆ ಗ್ಯಾಲಕ್ಸಿಗಳ ಗುಂಪುಗಳಿಗೆ ಬಂದಾಗ ಅದರಲ್ಲಿಯೂ ತೂಕ ಕೊರೆ ಬೀಳುತ್ತದೆ. ಖಗೋಳ ವಿಜ್ಞಾನಿ ಫ್ರಿಟ್ಸ್ ಝ್ವಿಕಿ 1933ರಷ್ಟು ಹಿಂದೆಯೇ, ಕೋಮಾ ಎಂಬ ಗುಂಪಿನ ಗ್ಯಾಲಕ್ಸಿಗಳು ಕಾಣುವ ವಸ್ತು ಹಿಡಿದಿಡಲಾರದಷ್ಟು ವೇಗವಾಗಿ ಓಡುತ್ತಿರುವುದನ್ನು ಗುರುತಿಸಿದ್ದರು. ಕಾಟಾವನ್ನು ಬದಲಿಸಿ ನೋಡುವ ಇನ್ನೊಂದು ದಾರಿಯೂ ಇದೆ: ಭಾರವಾದ ವಸ್ತುವಿನ ಪಕ್ಕದಲ್ಲಿ ಹಾಯುವ ಬೆಳಕು ಬಾಗುತ್ತದೆ, ಆದ್ದರಿಂದ ಹಿಂದಿನ ಗ್ಯಾಲಕ್ಸಿಗಳ ಚಿತ್ರ ಎಷ್ಟು ಸೊಟ್ಟಗಾಗಿದೆ ಎಂದು ಅಳೆದು, ಯಾವುದರ ವೇಗವನ್ನೂ ನೋಡದೆ ತೂಕ ಹೇಳಬಹುದು. ಬುಲೆಟ್ ಎಂದು ಕರೆಯುವ ಎರಡು ಗುಂಪುಗಳ ಡಿಕ್ಕಿಯನ್ನು ಹೀಗೆ ಅಳೆದ ಫಲಿತಾಂಶ 2006ರಲ್ಲಿ ಹೊರಬಂದಿತು. ಅಲ್ಲಿ ಬಿಸಿ ಅನಿಲವೆಲ್ಲ ಒಂದಕ್ಕೊಂದು ಅಪ್ಪಳಿಸಿ ನಡುವೆ ತಡೆದು ನಿಂತಿದೆ. ಕಾಣುವ ಸಾಮಾನ್ಯ ವಸ್ತುವಿನಲ್ಲಿ ಹೆಚ್ಚಿನ ಪಾಲು ಆ ಅನಿಲವೇ. ಆದರೆ ಬೆಳಕನ್ನು ಬಾಗಿಸುವ ಭಾರ ಅನಿಲದ ಜೊತೆಗೆ ನಿಲ್ಲದೆ, ಗ್ಯಾಲಕ್ಸಿಗಳ ಜೊತೆಗೆ ಎರಡು ಬದಿಗೂ ಮುಂದೆ ಸಾಗಿದೆ. ನಿಯಮ ಮಾತ್ರ ತಪ್ಪಾಗಿದ್ದರೆ ಭಾರವು ವಸ್ತು ಹೆಚ್ಚಿರುವ ಕಡೆಯೇ ತೋರಬೇಕಾಗಿತ್ತು. ಕಾಟಾ ಸರಿಯಿದೆ, ತಾಡಪಾಲಿನ ಕೆಳಗೆ ಸರಕು ಇದೆ ಎಂದು ನಾನು ನಂಬಲು ಇದೇ ಮುಖ್ಯ ಕಾರಣ.

ಆ ಸರಕು ಕಪ್ಪು ಧೂಳಲ್ಲ. ಧೂಳಾಗಿದ್ದರೆ ಹಿಂದಿನ ಬೆಳಕನ್ನು ಮರೆಮಾಡುತ್ತಿತ್ತು. ಸತ್ತ ನಕ್ಷತ್ರಗಳ ಗುಂಪೂ ಅಲ್ಲ. 1990ರ ದಶಕದಲ್ಲಿ ಅಂಥವನ್ನು ವರ್ಷಗಟ್ಟಲೆ ಹುಡುಕಿದಾಗ ಸಾಕಷ್ಟು ಸಿಗಲಿಲ್ಲ. "ಕಪ್ಪು" ಎಂಬ ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಅದು ಬೆಳಕನ್ನು ಸೂಸುವುದೂ ಇಲ್ಲ, ತಡೆಯುವುದೂ ಇಲ್ಲ, ಗಾಜಿಗಿಂತ ಪಾರದರ್ಶಕ. ಅದು ತಟ್ಟೆಯಾಗಿ ಮಲಗದೆ ಗ್ಯಾಲಕ್ಸಿಯ ಸುತ್ತ ದೊಡ್ಡ ಗೋಲವಾಗಿ ಹರಡಿರುವುದಕ್ಕೂ ಇದೇ ಕಾರಣ. ಅನಿಲದ ಕಣಗಳು ಒಂದಕ್ಕೊಂದು ತಾಗಿ, ಬಿಸಿಯಾಗಿ, ಆ ಬಿಸಿಯನ್ನು ಬೆಳಕಾಗಿ ಹೊರಹಾಕಿ, ಶಕ್ತಿ ಕಳೆದುಕೊಂಡು, ತಟ್ಟೆಯಾಗಿ ಕುಸಿಯುತ್ತವೆ. ಬೆಳಕು ಸೂಸಲಾರದ ಕಪ್ಪು ದ್ರವ್ಯಕ್ಕೆ ಶಕ್ತಿಯನ್ನು ಕಳೆದುಕೊಳ್ಳುವ ದಾರಿಯಿಲ್ಲ; ಆದ್ದರಿಂದ ಅದು ಎಲ್ಲ ದಿಕ್ಕಿನಲ್ಲೂ ಓಡಾಡುತ್ತ ಹರಡಿಯೇ ಉಳಿಯುತ್ತದೆ. ವಿಶ್ವದ ಆದಿಯ ಬೆಳಕನ್ನು ಅಳೆದ ಪ್ಲ್ಯಾಂಕ್ ಉಪಗ್ರಹದ ಲೆಕ್ಕದಂತೆ ಇಡೀ ವಿಶ್ವದಲ್ಲಿ ಸಾಮಾನ್ಯ ವಸ್ತು ಶೇಕಡಾ 5ರಷ್ಟು, ಕಪ್ಪು ದ್ರವ್ಯ ಶೇಕಡಾ 27ರಷ್ಟು ಇದೆ.

ಇಷ್ಟಿದ್ದರೆ ನೆಪ್ಚೂನ್‌ನ ಲೆಕ್ಕದಲ್ಲಿ ಅದು ಏಕೆ ಕಾಣಲಿಲ್ಲ ಎಂದು ಕೇಳುವವರು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾರೆ. ನಮ್ಮ ಸುತ್ತಮುತ್ತ ಕಪ್ಪು ದ್ರವ್ಯ ಎಷ್ಟು ತೆಳುವಾಗಿದೆಯೆಂದರೆ, ಭೂಮಿಯಷ್ಟು ದೊಡ್ಡ ಜಾಗದಲ್ಲಿ ಇರುವುದು ಅರ್ಧದಿಂದ ಮುಕ್ಕಾಲು ಕಿಲೋ. ನೆಪ್ಚೂನ್ ಕಕ್ಷೆಯ ಒಳಗಿನ ಇಡೀ ಗೋಲದಲ್ಲಿ ಹರಡಿರುವುದನ್ನೆಲ್ಲ ಗುಡ್ಡೆ ಹಾಕಿದರೂ ಐವತ್ತು ಅರವತ್ತು ಕಿಲೋಮೀಟರ್ ಅಗಲದ ಒಂದು ಕ್ಷುದ್ರಗ್ರಹದಷ್ಟಾಗುತ್ತದೆ. ಸೂರ್ಯನ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ನಕ್ಷತ್ರ ನಕ್ಷತ್ರಗಳ ನಡುವಿನ ಖಾಲಿ ಜಾಗವೂ ಅಷ್ಟೇ ಅಗಾಧವಾದ್ದರಿಂದ, ಲಕ್ಷ ಜ್ಯೋತಿರ್ವರ್ಷಗಳ ಗೋಲದಲ್ಲಿ ಈ ಚೂರುಪಾರೇ ಸೇರಿ ನಕ್ಷತ್ರಗಳನ್ನು ಮೀರಿಸುತ್ತದೆ.

ಅದರ ಒಂದು ಕಣವನ್ನಾದರೂ ಹಿಡಿಯಬೇಕೆಂದು ವಿಜ್ಞಾನಿಗಳು ಹಳೆಯ ಚಿನ್ನದ ಗಣಿಗಳಿಗೆ ಇಳಿದಿದ್ದಾರೆ. ಹಟ್ಟಿಯ ಗಣಿಯಲ್ಲಿ ದುಡಿದವರು ಇರುವ ನಮ್ಮ ಸೀಮೆಗೆ ಇದು ಅರ್ಥವಾಗುವ ಮಾತು: ಆಕಾಶದಿಂದ ಸದಾ ಸುರಿಯುವ ಕಣಗಳ ಸುರಿಮಳೆಯನ್ನು ತಡೆಯಲು ಮೇಲೆ ದಪ್ಪ ಬಂಡೆ ಬೇಕು. ಅಮೆರಿಕದ ಸೌತ್ ಡಕೋಟಾದಲ್ಲಿ ಮುಚ್ಚಿಹೋದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ಆಳದಲ್ಲಿ, 10 ಟನ್ ದ್ರವ ಕ್ಸೆನಾನ್ ತುಂಬಿದ ತೊಟ್ಟಿಯೊಂದು ಕಾದು ಕುಳಿತಿದೆ. 2024ರಲ್ಲಿ ಪ್ರಕಟವಾದ ಅದರ ಫಲಿತಾಂಶದವರೆಗೂ ಕಪ್ಪು ದ್ರವ್ಯದ ಕಣ ಸಿಕ್ಕಿಲ್ಲ. ನಮ್ಮಲ್ಲಿಯೂ ಕೋಲಾರದ ಗಣಿಯ ಆಳದಲ್ಲಿ 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಹಿಡಿದಿದ್ದರು. ಅವೂ ಎಲ್ಲವನ್ನೂ ತೂರಿಕೊಂಡು ಹೋಗುವ ಕಣಗಳೇ. ಗ್ಯಾಲಕ್ಸಿಗಳ ಅಂಚಿನ ತೂಕದ ಬಗ್ಗೆಯೂ ಚರ್ಚೆ ಮುಗಿದಿಲ್ಲ. ಆಕಾಶಗಂಗೆಯ ಒಟ್ಟು ತೂಕ ಒಂದು ಲಕ್ಷ ಕೋಟಿ ಸೂರ್ಯರ ಆಸುಪಾಸು ಎಂಬುದು ಬಹುಕಾಲದ ಅಂದಾಜು. ಗಾಯಾ ಉಪಗ್ರಹದ ಅಳತೆಗಳನ್ನು ಆಧರಿಸಿ 2023ರಲ್ಲಿ ಬಂದ ಲೆಕ್ಕವೊಂದು, ಹೊರ ಅಂಚಿನಲ್ಲಿ ವೇಗ ಇಳಿಯುತ್ತಿದೆ, ತೂಕ ಇದಕ್ಕಿಂತ ಬಹಳ ಕಡಿಮೆಯಿರಬಹುದು ಎಂದು ಹೇಳಿದೆ. ಹಾಗಿದ್ದರೂ ಚೀಲದ ಲೆಕ್ಕಕ್ಕಿಂತ ಕಾಟಾದ ಲೆಕ್ಕ ಹೆಚ್ಚಾಗಿಯೇ ಉಳಿಯುತ್ತದೆ.

ಕೊನೆಗೆ ಒಂದು ಲೆಕ್ಕವನ್ನು ಓದುಗರು ನನ್ನ ನೆರವಿಲ್ಲದೆ ಮಾಡಿ ನೋಡಬೇಕು. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಎನ್‌ಜಿಸಿ 3198 ಎಂಬ ಗ್ಯಾಲಕ್ಸಿ ಇದೆ. ಅದರ ಕೇಂದ್ರದಿಂದ 98,000 ಜ್ಯೋತಿರ್ವರ್ಷ ದೂರದಲ್ಲಿ ಹೈಡ್ರೋಜನ್ ಅನಿಲವು ಸೆಕೆಂಡಿಗೆ 150 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ಮೊದಲು ದೂರವನ್ನು 63,241ರಿಂದ ಗುಣಿಸಿ ಖಗೋಳ ಮಾನಕ್ಕೆ ತನ್ನಿ, ಆಮೇಲೆ ವೇಗವನ್ನು 30ರಿಂದ ಭಾಗಿಸಿ ವರ್ಗ ಮಾಡಿ, ಎರಡನ್ನೂ ಗುಣಿಸಿ. ಉತ್ತರ 15,500 ಕೋಟಿಯ ಹತ್ತಿರ ಬಂದರೆ ನಿಮ್ಮ ಕೈ ಕುದುರಿದೆ. ಅದರ ನಕ್ಷತ್ರಗಳ ತೂಕ ಹೆಚ್ಚೆಂದರೆ 4,000 ಕೋಟಿಯ ಆಸುಪಾಸು ಎಂದು ಹಿಡಿದು, ಕಳೆದು ಉಳಿದದ್ದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.